ಕಡಲ ದಂಡೆಯ ನೀಲಿ ಕಾರು

ಹೋದ ವಾರ ಪುಣೆಯ ಹಡಪ್ಸರದಲ್ಲಿ ಸುಧಕ್ಕ ದೊಡ್ಡಪ್ಪನ ಟ್ರಂಕಿನ ಮುಚ್ಚಳ ಎತ್ತಿದಾಗ ಮೊದಲು ಬಂದದ್ದು ಡಾಂಬರು ಗುಳಿಗೆಯ ವಾಸನೆ. ಅದರ ಹಿಂದೆಯೇ ಹಳೆಯ ಫೋಟೋಗಳ ಹುಳಿವಾಸನೆ. ನಿಮ್ಮ ಮನೆಯಲ್ಲೂ ಕಪ್ಪು ಹಾಳೆಯ ಆಲ್ಬಮ್ಮುಗಳಿದ್ದರೆ ಅದು ನಿಮಗೆ ಗೊತ್ತಿರುತ್ತದೆ. ಸುಧಕ್ಕ ನನ್ನ ದೊಡ್ಡಪ್ಪನ ಮಗಳು. ದೊಡ್ಡಪ್ಪ ಈಗ ಅವಳ ಮನೆಯಲ್ಲೇ ಇದ್ದಾನೆ. “ಮನಿಗೆ ಬಣ್ಣ ಹಚ್ಚಸಾಕತ್ತೀವಿ. ನಿನಗ ಬೇಕಾದ್ದು ಆರಿಸಿಕೊಂಡ ಹೋಗು,” ಎಂದು ಕರೆದಿದ್ದಳು.

ದೊಡ್ಡಪ್ಪ ದೌಂಡ ಸ್ಟೇಷನ್ನಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ರಜೆ ಸಿಕ್ಕರೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಪುಣೆಗೆ, ಪೇಠೆಯಲ್ಲಿದ್ದ ನಮ್ಮ ಮನೆಗೆ ಬರುತ್ತಿದ್ದ. ಹಳೆಯ ವಾಡೆಯ ಮನೆಗಳು, ಗೋಡೆಯ ಮೇಲಿನ ಚಿತ್ರಗಳು, ಟಾಂಗಾ, ಲಾರಿ, ಕೊಂಕಣದ ಕಡಲು, ಇವಿಷ್ಟೇ ಅವನ ವಿಷಯ. ಮನುಷ್ಯರ ಫೋಟೋ ಮಾತ್ರ ತೆಗೆಯುತ್ತಿರಲಿಲ್ಲ. ಮದುವೆಗೆ ಹೋದರೆ ಬೀಗರು ಜರಿ ಸೀರೆ ಸರಿಮಾಡಿಕೊಂಡು ನಿಲ್ಲುತ್ತಿದ್ದರು, ಇವನು ಹಂದರದ ಕಂಬದ ಫೋಟೋ ತೆಗೆದುಕೊಂಡು ಬರುತ್ತಿದ್ದ. ಕೇಳಿದರೆ, “ಮಂದಿ ಫೋಟೋಕ್ಕ ನಿಂತರ ತಮ್ಮಂಗ ತಾವು ಇರೂದಿಲ್ಲ. ಗ್ವಾಡಿಗೆ ಆ ಚಟ ಇಲ್ಲ,” ಅನ್ನುತ್ತಿದ್ದ.

ಆದರೆ ಪ್ರತಿ ಫೋಟೋಕ್ಕೂ ಒಂದು ಕತೆ ಇರುತ್ತಿತ್ತು. ಒಂದು ವಾಡೆಯ ಗೋಡೆಯ ಮೇಲೆ ಅಂಬಾರಿ ಹೊತ್ತ ಆನೆ. ಆ ಮನೆ ಅಣ್ಣತಮ್ಮಂದಿರಲ್ಲಿ ಪಾಲಾದಾಗ ತಮ್ಮನ ಪಾಲಿಗೆ ಬೆಳಕು ಸಾಲದೆಂದು ಆನೆಯ ಹೊಟ್ಟೆಯಲ್ಲೇ ಕಿಟಕಿ ಕೊರೆದಿದ್ದರು. ಫೋಟೋದಲ್ಲಿ ಆ ಹೊಟ್ಟೆಯಿಂದ ಯಾರದೋ ಬನಿಯನ್ನು ನೇತಾಡುತ್ತಿದೆ. ನಾನೂ ಫೋನಿನಲ್ಲಿ ಫೋಟೋ ತೆಗೆಯುತ್ತೇನೆ. ಬಹಳಷ್ಟರಲ್ಲಿ ನನ್ನ ಹೆಬ್ಬೆರಳು ಚೆನ್ನಾಗಿ ಬಂದಿರುತ್ತದೆ.

ನೀಲಿ ಕಾರಿನ ವಿಷಯಕ್ಕೆ ಬರುತ್ತೇನೆ. ಬಟ್ಟೆ ಅಂಗಡಿ ಕೈಹತ್ತಿದ ಮೇಲೆ ಅಪ್ಪ ಕೊಂಡ ಹಳೆಯ ಕಾರು ಅದು. ಮೊದಲ ಪ್ರವಾಸ ಕೊಂಕಣಕ್ಕೆ. ಅಪ್ಪ, ಅವ್ವ, ನಾನು, ದೊಡ್ಡಪ್ಪ. ಗಟ್ಟಿ ಮರಳಿನ ಮೇಲೆ, ಹಿಂದೆ ಸಮುದ್ರ ಕಾಣುವಂತೆ ಕಾರು ನಿಲ್ಲಿಸಬೇಕು ಎಂದು ದೊಡ್ಡಪ್ಪನ ಆಸೆ. “ಇನ್ನೊಂದೀಟು ಹಿಂದ ತಗೋ ತಮ್ಮಾ,” ಎನ್ನುತ್ತ ಹೋದ. ಅಪ್ಪನಿಗೂ ಹುರುಪು. ಹಿಂದಿನ ಗಾಲಿಗಳು ಹಸಿ ಮರಳಿನಲ್ಲಿ ಕೂತವು, ಎಷ್ಟು ಎಂಜಿನ್ ತಿರುಗಿಸಿದರೂ ಇನ್ನಷ್ಟು ಕೂತವು. ಅಷ್ಟರಲ್ಲಿ ಮೀನುಗಾರರು ಹಗ್ಗ ಹಿಡಿದು ಓಡಿ ಬಂದರು. “ಭರತೀ ಆಲೀ, ಲವಕರ್ ಕಾಢಾ,” ಉಬ್ಬರ ಬಂತು, ಬೇಗ ತೆಗೆಯಿರಿ ಎಂದು ಮರಾಠಿಯಲ್ಲಿ ಕೂಗಿದರು. ನೀರು ಏರತೊಡಗಿತ್ತು.

ಅವರು ಮುಂದಿನಿಂದ ಎಳೆದರು, ಅಪ್ಪ ಹಿಂದಿನಿಂದ ಹೆಗಲು ಕೊಟ್ಟ. ಅಲೆ ಅವನ ಸೊಂಟಕ್ಕೆ ಬಡಿಯುತ್ತಿತ್ತು. ಅವ್ವ ನನ್ನ ಕೈ ಬಿಗಿ ಹಿಡಿದು ದೇವರ ಹೆಸರು ಹೇಳುತ್ತಿದ್ದಳು. ಆಗ ದೊಡ್ಡಪ್ಪ ಕ್ಯಾಮೆರಾ ಎತ್ತಿ ಒಂದು ಫೋಟೋ ಹೊಡೆದ. ಆಮೇಲೆ ಕ್ಯಾಮೆರಾ ಅವ್ವನ ಕೈಗೆ ಕೊಟ್ಟು ತಾನೂ ನೀರಿಗಿಳಿದ. ಆದರೆ ಅಪ್ಪ ನೋಡಿಬಿಟ್ಟಿದ್ದ.

ಕಾರು ದಡಕ್ಕೆ ಬಂತು. ಅಪ್ಪ ಏದುಸಿರು ಬಿಡುತ್ತ ಅಂದ: “ನಾ ಮುಳುಗಾಕತ್ತಿದ್ದೆ, ನೀ ಫೋಟೋ ಹೊಡದಿ. ಅಣ್ಣಾ, ನಿನಗ ತಮ್ಮ ಬೇಕಾಗಿಲ್ಲ, ಚಿತ್ರ ಬೇಕು.”

ಉಪ್ಪು ನೀರು ಕಾರನ್ನು ತಿಂದುಹಾಕಿತು. ಕಾರು ಗುಜರಿಗೆ ಹೋದದ್ದಕ್ಕೆ ಅಪ್ಪ ಅಷ್ಟೇನೂ ಮರುಗಲಿಲ್ಲ. ಆ ಒಂದು ಫೋಟೋವನ್ನು ಮಾತ್ರ ಮರೆಯಲಿಲ್ಲ. ದೊಡ್ಡಪ್ಪ ಅದನ್ನು ತೊಳೆಸಿ ಅಂಗಡಿಗೆ ತಂದಾಗ ಅಪ್ಪ ಗಾದಿಯಿಂದ ಏಳದೆ “ಬ್ಯಾಡ” ಅಂದ. ದೊಡ್ಡಪ್ಪ ಬಂದ ದಾರಿಯಲ್ಲೇ ದೌಂಡಕ್ಕೆ ಹೋದ. ಅಲ್ಲಿಂದ ಮುಂದೆ ಅಣ್ಣತಮ್ಮಂದಿರು ಮದುವೆಮನೆಗಳಲ್ಲಿ ಪಂಕ್ತಿಯ ಎರಡು ತುದಿಗೆ ಕೂತು ಉಣ್ಣುವವರಾದರು. ಅಪ್ಪ ತೀರಿಕೊಂಡ ದಿನ ದೊಡ್ಡಪ್ಪ ಬಂದ, ಯಾರೊಂದಿಗೂ ಮಾತಾಡದೆ ಕೂತು, ಎದ್ದು ಹೋದ.

ಆ ಫೋಟೋ ಟ್ರಂಕಿನಲ್ಲಿ ಸಿಕ್ಕಿತು. ನಾನು ನಿರೀಕ್ಷಿಸಿದ್ದು ಕಾರು. ಅದರಲ್ಲಿ ಕಾರು ಮೂಲೆಯಲ್ಲೊಂದಿಷ್ಟು ಮಾತ್ರ ಇತ್ತು. ಉಳಿದದ್ದೆಲ್ಲ ಅಪ್ಪ. ಬಾಗಿದ ಬೆನ್ನು, ಉಬ್ಬಿದ ಕತ್ತಿನ ನರ, ಕಚ್ಚಿದ ಹಲ್ಲು, ಒಂದು ಬದಿಗೆ ಹೊರಳಿದ ಮುಖ.

ಬಾಲ್ಕನಿಯಲ್ಲಿ ಕೂತಿದ್ದ ದೊಡ್ಡಪ್ಪನಿಗೆ ಕೊಟ್ಟೆ. “ದೊಡ್ಡಪ್ಪ, ಇದು ಕಾರಿನ ಫೋಟೋ ಅಲ್ಲಲ್ಲಾ.”

“ಕಾರಿಂದಂತ ಯಾರ ಹೇಳಿದ್ರು?” ಅಂದ. ಫೋಟೋವನ್ನು ಬೆಳಕಿಗೆ ಹಿಡಿದ. “ನಿಮ್ಮಪ್ಪ ತೊಟ್ಟಿಲದಾಗ ಇದ್ದಾಗ ನಮ್ಮಪ್ಪ ಸತ್ತ. ಅವಂದೊಂದು ಫೋಟೋ ಇರಲಿಲ್ಲ. ‘ಅಪ್ಪ ಹೆಂಗಿದ್ದ’ ಅಂತ ಕೇಳಿ ಕೇಳಿ ನಿಮ್ಮಪ್ಪ ನನ್ನ ಜೀವಾ ತಿಂತಿದ್ದ. ನನಗ ಹೇಳಾಕ ಬರತಿರಲಿಲ್ಲ. ವಿಜಾಪುರದಾಗ ಹತ್ತಿ ಬಂಡಿ ಹೊಡೀತಿದ್ದ ಅಪ್ಪ. ಗಾಲಿ ಹುಗದ್ರ ಹಿಂಗಽ ಹೆಗಲ ಕೊಡತಿದ್ದ, ಹಿಂಗಽ ಮಾರಿ ಹೊಳ್ಳಸ್ತಿದ್ದ. ಅವತ್ತ ನೀರಾಗ ನನಗ ಕಂಡಾಂವ ತಮ್ಮ ಅಲ್ಲ, ಅಪ್ಪ. ಕೈ ತಾನಽ ಎದ್ದತು.”

“ಮತ್ತ ಹೇಳಬೇಕಿಲ್ಲೇನು?”

“ಹೇಳಾಕಂತ ಅಂಗಡಿಗೆ ಹೋಗಿದ್ದೆ. ಬ್ಯಾಡ ಅಂದ. ನಾ ಹಿರ್ಯಾ, ಎಷ್ಟ ಸರತೆ ಬಾಗಬೇಕು ಅಂತ ಸಿಟ್ಟ ಬಂತು.” ಆಮೇಲೆ ಕೇಳಿದ: “ಮನ್ಯಾಗ ನನ್ನ ಹೆಸರರೆ ತಗೀತಿದ್ದನೇನು?”

ಅಪ್ಪ ಎಂದೂ ತೆಗೆದಿರಲಿಲ್ಲ. ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ನೆನಪಿದ್ದದ್ದನ್ನು ಹೇಳಿದೆ. ಸೊಲ್ಲಾಪುರದ ಗಾಡಿಯಲ್ಲಿ ಊರಿಗೆ ಹೋಗುವಾಗಲೆಲ್ಲ ಅಪ್ಪ ದೌಂಡದಲ್ಲಿ ಇಳಿಯುತ್ತಿದ್ದ. ಚಹಾ ತರುತ್ತೇನೆ ಅನ್ನುತ್ತಿದ್ದ. ಗಾಡಿ ಸಿಳ್ಳೆ ಹಾಕುವವರೆಗೂ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಬರಿಗೈಯಲ್ಲಿ ಹತ್ತುತ್ತಿದ್ದ. ಅವ್ವನೂ ನಾನೂ ನಗುತ್ತಿದ್ದೆವು.

ದೊಡ್ಡಪ್ಪ ಫೋಟೋವನ್ನು ನನ್ನ ಕೈಗೆ ತಿರುಗಿ ಕೊಟ್ಟ.

“ನಳದ ಹತ್ರ ನಿಂದರತಿದ್ದ,” ಅಂದ. “ನಮ್ಮ ಆಫೀಸ ಮ್ಯಾಲಿತ್ತು. ಖಿಡಕ್ಯಾಗಿಂದ ಕಾಣತಿದ್ದ. ಚಾ ಕುಡ್ಯಾಕ ಇಳದಾನಂತ ತಿಳದಿದ್ದೆ.”

ನಾನು ಬೇರೇನೂ ಆರಿಸಿಕೊಳ್ಳಲಿಲ್ಲ. ಬರುವಾಗ ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪ ನೋಡಬೇಕಾಗಿದ್ದ ಅಜ್ಜನ ಮುಖವನ್ನು ಅಪ್ಪನ ಬದಲು ನಾನು ನೋಡುತ್ತ ಕೂತೆ.