ಕಂಪನಿ ಸತ್ತ ವಾರ ನನ್ನ ಪಾಳಿ

ಮೊದಲ ಒಂದು ಸುಳ್ಳು ಒಪ್ಪಿಕೊಂಡಬಿಡ್ತೇನಿ. ಹೋದ ದೀಪಾವಳಿ ಮುಂದ ನಾನು ಇಲ್ಲೇ ಫೇಸ್‌ಬುಕ್ಕಿನ್ಯಾಗ ಒಂದು ಉದ್ದನ ಪೋಸ್ಟ್ ಹಾಕಿದ್ದೆ, ನೆನಪೈತಲ್ಲ? ಅಮೇರಿಕಾದ ಸ್ಪೋರ್ಟ್ಸ್ ಬೈಕ್ ಹತ್ತಿ ಬ್ಯಾಡಗಿಯಿಂದ ಮೋಟೆಬೆನ್ನೂರ ತನಕ ಹೋದಾಗ ಗಾಳಿ ಹೆಂಗ ಕಿವ್ಯಾಗ ಹಾಡಿತು, ಎದಿ ಹೆಂಗ ಡೊಳ್ಳು ಬಾರಿಸ್ತು ಅಂತ. ಭಾಳ ಮಂದಿ ಹಾರ್ಟ್ ಒತ್ತಿದ್ರಿ. ಒಬ್ಬರಂತೂ "ಅಣ್ಣಾ, ಓದಿದ್ರ ನಾವು ಹಿಂದಿನ ಸೀಟಿನ್ಯಾಗ ಕುಂತಂಗಾತು" ಅಂತ ಬರದಿದ್ರು. ಖರೇ ಹೇಳಬೇಕಂದ್ರ ಹಿಂದಿನ ಸೀಟಿನ್ಯಾಗ ಕುಂತಾವ ನಾನು. ಅದೂ ಕಣ್ಣ ಮುಚ್ಚಿಕೊಂಡು. ಗಾಳಿ ಹಾಡಿದ್ದಷ್ಟ ಖರೇ.

ನಾನು ಹಾವೇರಿಯೊಳಗ ಫೋಟೋಕ್ಕ ಕಟ್ಟು ಹಾಕೋ ಅಂಗಡಿ ಇಟ್ಟೇನಿ. ದೇವರ ಫೋಟೋ, ಮದುವಿ ಫೋಟೋ, ಹೋದೋರ ಫೋಟೋ. ಹೆಚ್ಚಿಗಿ ಹೋದೋರವ ಬರ್ತಾವು. ನನ್ನ ಸ್ವಂತ ಗಾಡಿ ಹಳೇ ನೂರು ಸೀಸಿದು, ಕಿಕ್ ಹೊಡದ್ರ ಮೊದಲ ಕೆಮ್ಮಿ ಆಮ್ಯಾಲ ಚಾಲೂ ಆಗ್ತೈತಿ, ಥೇಟ್ ನನ್ನಂಗ. ಇಂಥಾ ಮನಷ್ಯಾ ನಾನು ಒಂಬತ್ತು ಮಂದಿ ಬೈಕ್ ಹುಚ್ಚರ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್. ಹಾವೇರಿ, ರಾಣೆಬೆನ್ನೂರ, ಬ್ಯಾಡಗಿ ಮೂರೂ ತಾಲೂಕಿನೋರು ಅದಾರ. ಗ್ರೂಪಿಗೆ ಇಟ್ಟಿದ್ದು ಆ ಅಮೇರಿಕಾದ ಕಂಪನಿ ಹೆಸರ. ಇಲ್ಲೆ ಆ ಹೆಸರ ಬರಿಯಂಗಿಲ್ಲ. ಕಂಪನಿ ಹೋಗಿ ಇನ್ನೂ ದಿನಕರ್ಮ ಸೈತ ಮಾಡಿಲ್ಲ, ಹೆಸರ ಎತ್ತಿದ್ರ ನಮ್ಮ ಮೌಲಾಲಿ ಕಣ್ಣಾಗ ನೀರ ತರ್ತಾನ.

ಒಂಬತ್ತು ಮಂದಿಗೆ ಬೈಕ್ ಒಂದ. ಅದು ಈ ಮೌಲಾಲಿದು. ಬ್ಯಾಡಗ್ಯಾಗ ಅವಂದು ಮೋಟರ್ ರಿವೈಂಡಿಂಗ್ ಅಂಗಡಿ. ಗೋವಾದಾಗ ಯಾರದೋ ಶೆಡ್ಡಿನ್ಯಾಗ ತಾಡಪಾಲ ಹೊತ್ತು ಮಲಗಿತ್ತಂತ ಅದು. ಮೆಣಸಿನಕಾಯಿ ಚೀಲ ಇಳಿಸಿ ಖಾಲಿ ಬರೋ ಲಾರಿಯೊಳಗ ಹಾಕಿಸಿಕೊಂಡು ಬಂದ. ಮೊದಲನೇ ದಿನ ಸೀಟಿನ ಮ್ಯಾಲ ಕುಂತಾವ ಕುಂತಾವ ಸೀನಿದ. ಎಷ್ಟ ತೊಳದ್ರೂ ಬಿಸಿಲಿಗೆ ನಿಂತ್ರ ಇವತ್ತಿಗೂ ಆ ಬೈಕಿಗೆ ಖಾರಪುಡಿ ವಾಸನಿ ಬರ್ತೈತಿ. ಅಮೇರಿಕಾದಾಗ ಹುಟ್ಟಿದ್ದು ಖರೇ, ಆದ್ರ ನಾಮಕರಣ ಬ್ಯಾಡಗ್ಯಾಗ ಆತು ಅಂತ ತಿಳಕೊಳ್ರಿ.

ಅದರ ಕೌತುಕ ಏನ ಕೇಳ್ತೀರಿ! ನಿಮ್ಮ ನಮ್ಮ ಗಾಡಿಗೆ ಪೆಟ್ರೋಲ್ ಟಾಕಿ ಹೊಟ್ಟಿ ಇದ್ದಂಗ, ಅಲ್ಲೇನು? ಇದಕ್ಕ ಪೆಟ್ರೋಲ್ ಇರೋದು ಎಲುಬಿನ್ಯಾಗ. ಗಾಡಿ ಚೌಕಟ್ಟಿನ ದಪ್ಪ ದಪ್ಪ ಪೈಪೊಳಗ. ಟಾಕಿ ಇರೋ ಜಾಗಾದಾಗ ಬರೀ ಗಾಳಿ. ರಾಣೆಬೆನ್ನೂರ ಬಂಕಿನ್ಯಾಗ ಪೆಟ್ರೋಲ್ ಹಾಕೋ ಹೆಣ್ಣುಮಗಳು ಮೊದಲನೇ ಸಲ ಎಲ್ಲಿ ಹಾಕೋದು ಅಂತ ತಿಳೀದ ಪೈಪ್ ಹಿಡಕೊಂಡು ಗಾಡೀನ ಒಂದು ಪ್ರದಕ್ಷಿಣಿ ಹಾಕಿದ್ಲು. ಕಟ್ಟು ಹಾಕೋ ಮನಷ್ಯಾ ನನಗ ಇದು ಭಾಳ ಹಿಡಿಸ್ತು. ಜೀವಾನ ಕಟ್ಟಿನೊಳಗ ತುಂಬ್ಯಾರಲ್ಲೋ ಮಾರಾಯಾ! ನಾನು ಜೀವ ಹೋದಮ್ಯಾಲ ಕಟ್ಟು ಹಾಕಾವ.

ಒಂದು ಬೈಕಿಗೆ ಒಂಬತ್ತು ಮಂದಿ ಅಂದ್ರ ಜಗಳ ಆಗಬೇಕಲ್ಲ? ಆಗಲಿಲ್ಲ. ಯಾಕಂದ್ರ ಮೇಡ್ಲೇರಿ ಈರಪ್ಪ ನಮ್ಮ ಗ್ರೂಪಿನ್ಯಾಗ ಅದಾನ. ಕಾಲುವಿ ನೀರಿನ ಮ್ಯಾಲ ಬದುಕಿದ ಮನಷ್ಯಾ. "ತುಂಗಭದ್ರಾ ನೀರನ್ನ ಇಡೀ ಊರ ಪಾಳಿ ಹಚ್ಚಿ ಹೊಲಕ್ಕ ಬಿಟ್ಕೋತೇವಿ, ಒಂದು ಬೈಕ್ ಏನ್ ಮಹಾ" ಅಂದ. ಪಾಳಿ ಹಚ್ಚಿದ. ಐತವಾರಕ್ಕ ಒಬ್ಬರು, ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗಿ ಬರೋದು. ಮೌಲಾಲಿಗೂ ಒಂದ ಪಾಳಿ, ಮಾಲಕ ಅಂತ ಹೆಚ್ಚಿಗಿಲ್ಲ. ನನ್ನ ಪಾಳಿ ಬಂದಾಗೊಮ್ಮೆ ನನಗ ಮೊಣಕಾಲ ನೋವು, ಇಲ್ಲಾ ಬೀಗರ ಮನಿ ಕಾರ್ಯ, ಇಲ್ಲಾ ಕಣ್ಣಾಗ ಏನೋ ಬಿದ್ದಿರ್ತಿತ್ತು. ಈರಪ್ಪಗ ಬಿಟ್ಟುಕೊಡ್ತಿದ್ದೆ. "ದೊಡ್ಡ ಮನಸು ಅಣ್ಣಾಂದು" ಅಂತಿದ್ರು. ದೊಡ್ಡ ಮನಸಲ್ಲೋ, ಸಣ್ಣ ಧೈರ್ಯ.

ಅಂಥಾದ್ರಾಗ ಗುರುವಾರ ಮುಂಜಾನೆ ಸುದ್ದಿ ಬಂತು. ಯಾರದೋ ಅಜ್ಜನ ಫೋಟೋಕ್ಕ ಗಾಜ ಕೂಡಸಾಕತ್ತಿದ್ದೆ. ಫೋನ್ ಟಿಣ್ ಅಂತು. ರಾಣೆಬೆನ್ನೂರ ಪೀಟಿ ಮಾಸ್ತರ ಪ್ರಕಾಶ ಹಾಕಿದ್ದ: "ಕಂಪನಿ ಹೋತು. ಬಾಗಲಾ ಹಾಕ್ಯಾರ. ಇನ್ನ ಗಾಡಿ ಮಾಡಂಗಿಲ್ಲಂತ." ಕೈಯಾಗಿನ ಗಾಜ ಜಾರಿ ಚೂರ ಚೂರ ಆತು. ಅಜ್ಜ ಮಾತ್ರ ಮೀಸಿಯೊಳಗ ನಕ್ಕೋತ ಹಂಗ ಕುಂತಿದ್ದ.

ಐದು ನಿಮಿಷಕ್ಕ ಈರಪ್ಪನ ಫೋನ್. ದನಿ ಇಳಿಸಿ ಕೇಳಿದ, "ಅಣ್ಣಾ, ಖರೇ ಏನು ಸುದ್ದಿ?" ಥೇಟ್ ಸಾವಿನ ಸುದ್ದಿ ಕೇಳಿದಂಗ. ನಾನೂ ಹಂಗ ಹೇಳಿದೆ, "ಹೂಂ ಈರಪ್ಪಾ. ಮುಂಜಾನೆ ತಿಳೀತು." ಪ್ರಕಾಶಂದು ಬ್ಯಾರೆ ಕಥಿ. ಶೀಟಿ ಊದಿ "ಓಡ್ರಿ" ಅಂದಾವ, ಅಷ್ಟರಾಗ ಸುದ್ದಿ ಓದಿ, "ನಿಲ್ರಿ" ಅನ್ನೋದು ಮರತನಂತ. ಸಾಲಿ ಹುಡುಗ್ರು ಏಳ ಸುತ್ತು ಹೊಡದ್ರು.

ಯಾಕಷ್ಟು ಬಡೀತು ಎದಿಗೆ? ಆ ಕಂಪನಿಗೆ ಬ್ಯಾಡಗಿ ಅನ್ನೋ ಊರು ಭೂಮಿ ಮ್ಯಾಲ ಐತಿ ಅಂತನೂ ಗೊತ್ತಿರಲಿಕ್ಕಿಲ್ಲ. ನಾವ ಒಂದು ಹೊಸಾ ಗಾಡಿನೂ ತಗೊಂಡಿಲ್ಲ. ಆದ್ರ ನೋಡ್ರಿ, ನಮ್ಮ ಮಂದಿಗೆ ಸತ್ತ ಕಂಪನಿ ಹೊಸಾದಲ್ಲ. ನಮ್ಮಪ್ಪ ಒಂದ ಕಡೆ ವಾಲಿಸಿ ಕಿಕ್ ಹೊಡಿಯೋ ಸ್ಕೂಟರ್ ಇಟ್ಟಿದ್ದ, ಆ ಕಂಪನಿ ಮುಚ್ಚಿ ಕಾಲ ಆತು. ಕೈಗಡಿಯಾರದ ಕಂಪನಿ ಹೋತು, ರೇಡಿಯೋ ಕಂಪನಿ ಹೋತು. ಆಗ ಯಾರೂ ಹಿಂಗ ಅತ್ತಿದ್ದು ನೆನಪಿಲ್ಲ. ಯಾಕಂದ್ರ ಆಗ ಸುದ್ದಿ ಮುಟ್ಟೋ ಹೊತ್ತಿಗೆ ದುಃಖನೂ ಹಳಸಿರ್ತಿತ್ತು. ಈಗ ಸುದ್ದಿ ಬಿಸಿ ಬಿಸಿ ಬರ್ತೈತಿ, ನಾಲಿಗಿ ಸುಡ್ತೈತಿ.

ಎಲ್ಲಾರೂ ಗ್ರೂಪಿನ್ಯಾಗ ಕೈ ಮುಗಿಯೋ ಚಿತ್ರ ಹಾಕಿದ್ರು. ಮೌಲಾಲಿ ಒಬ್ಬ ಏನೂ ಬರೀಲಿಲ್ಲ. ಓದ್ಯಾನ ಅಂತ ನೀಲಿ ಗೆರಿ ಮಾತ್ರ ಬಿತ್ತು. ಅಂವಗ ಬಿದ್ದ ಪೆಟ್ಟ ಬ್ಯಾರೆ. ಆ ಬೈಕಿಗೆ ನಮ್ಮ ಗಾಡಿಗಿದ್ದಂಗ ಚೈನ್ ಇಲ್ಲ, ರಬ್ಬರಿನ ಪಟ್ಟಾ ಐತಿ. ಗಿರಣಿಗೆ ಇರ್ತೈತಲ್ಲ, ಅಂಥಾದ್ದು. ಅಂಚಿಗೆ ಬಿರುಕ ಬಿಟ್ಟು ಭಾಳ ದಿನ ಆಗಿತ್ತು. ಹೊಸಾದು ಕಳಸ್ರಿ ಅಂತ ಬಿಡಿಭಾಗ ಮಾರೋರಿಗೆ ಬರದಿದ್ದ, ದಾರಿ ಕಾಯಾಕತ್ತಿದ್ದ. ಶುಕ್ರವಾರ ಉತ್ತರ ಬಂತು: ಪಟ್ಟಾ ಬರಂಗಿಲ್ಲ, ಮುಂದೂ ಬರಂಗಿಲ್ಲ. ಈಗ ಇದ್ದದ್ದ ಕಡೀ ಪಟ್ಟಾ. ಅದು ಹರೀತಂದ್ರ ಬೈಕ್ ಗುಜರಿ.

ಐತವಾರ ಮುಂಜಾನೆ ನಾನು, ಈರಪ್ಪ, ಪ್ರಕಾಶ ಮೂರೂ ಮಂದಿ ಮೌಲಾಲಿನ ಮಾತಾಡಸಾಕ ಹೊಂಟ್ವಿ. ಮಾತಾಡಸೋದು ಅಂದ್ರ ನಮ್ಮ ಕಡೆ ಗೊತ್ತಲ್ಲ, ಸಾವಾದ ಮನಿಗೆ ಹೋಗಿ ಗಪ್ಪನ ಕುಂತು ಬರೋದು. ಅದಕ್ಕ ಪದ್ಧತಿ ಅದಾವ. ಬಾಗಲದಾಗ ನಿಂತು ಕೂಗಬಾರದು. ಏಳೋ ಮುಂದ "ಬರ್ತೇನಿ" ಅನ್ನಬಾರದು, ಸುಮ್ಕ ಎದ್ದು ಹೋಗಬೇಕು. ಆ ಮನ್ಯಾಗ ಒಲಿ ಹೊತ್ತಸಿರಂಗಿಲ್ಲ ಅಂತ ಬುತ್ತಿ ಒಯ್ಯಬೇಕು. ನಾವೇನೂ ಮಾತಾಡಿಕೊಂಡಿರಲಿಲ್ಲ ಮತ್ತ. ಆದ್ರ ಈರಪ್ಪ ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ಬಂದ. ಪ್ರಕಾಶ ಬಾಳಿಹಣ್ಣು ತಂದ. ನಾನು ರಾತ್ರಿಯೆಲ್ಲಾ ವಿಚಾರ ಮಾಡಿ, ಬೈಕಿನ ಫೋಟೋಕ್ಕ ಚಲೋ ಕರೀ ಕಟ್ಟು ಹಾಕಿ, ಗಂಧದ ಮಾಲಿ ಇಳಿಬಿಟ್ಟು ಬಗಲಾಗ ಹಿಡಕೊಂಡು ಹೋದೆ. ಕಸಬು, ಏನ ಮಾಡ್ತೀರಿ.

ಮೌಲಾಲಿ ಅವ್ವ ಕಟ್ಟಿ ಮ್ಯಾಲ ಹೊಲಿಗಿ ಮಷೀನ್ ತುಳಿಯಾಕತ್ತಿದ್ಲು. ನಾವೆಲ್ಲಾ ಅಮ್ಮಿ ಅಂತೇವಿ. ಓಣಿ ಹೆಣ್ಣುಮಕ್ಕಳ ಜಂಪರ್ ಹೊಲದ ಮಕ್ಕಳನ್ನ ದೊಡ್ಡೋರ ಮಾಡ್ದಾಕಿ. ಮೂರು ಮಂದಿ ತಲಿ ಬಗ್ಗಿಸಿ, ಬುತ್ತಿ ಹಿಡಕೊಂಡು ಬಂದಿದ್ದು ನೋಡಿ ಕಾಲ ನಿಂದ್ರಿಸಿಬಿಟ್ಲು.

"ಯಾ ಅಲ್ಲಾ! ಯಾರ ಹೋದ್ರೋ?"

"ಕಂಪನಿ ಹೋತ ಅಮ್ಮಿ" ಅಂದ ಈರಪ್ಪ.

"ಯಾವ ಕಂಪನಿ?"

"ಬೈಕ್ ಮಾಡೋ ಕಂಪನಿ. ಅಮೇರಿಕಾದ್ದು."

ಅಮ್ಮಿ ನನ್ನ ಬಗಲಾಗಿನ ಫೋಟೋ ಕಸಗೊಂಡು ನೋಡಿದ್ಲು. ಆಮ್ಯಾಲ ಅಂಗಳದಾಗ ನಿಂತ ಬೈಕ್ ನೋಡಿದ್ಲು. "ಅಲ್ಲೋ, ಗಾಡಿ ಇಲ್ಲೆ ಗಟ್ಟಿಮುಟ್ಟಾಗಿ ನಿಂತೈತಿ, ನೀ ಅದರ ಮುಂದನ ಅದರ ಫೋಟೋಕ್ಕ ಮಾಲಿ ಹಾಕಿಕೊಂಡು ಬಂದೀದಿ? ನಾಳೆ ನನಗೂ ಹಿಂಗ ತಂದಗಿಂದೀ! ಕಾಲ ಮುರೀತೇನಿ."

ಮೌಲಾಲಿ ಒಳಗಿಂದ ಬಂದ. ಗಡ್ಡ ಬಿಟ್ಟು ನಾಲ್ಕು ದಿನ ಆದಂಗಿತ್ತು. ಕೈಯಾಗ ಅದ ಗೋವಾದ ತಾಡಪಾಲ. "ಇನ್ನ ಹೊಡಿಯೋದ ಬ್ಯಾಡ ದೋಸ್ತ. ಹೊದಿಸಿ ಇಟ್ಟಬಿಡ್ತೇನಿ. ಕಣ್ಣಮುಂದ ಇದ್ದರ ಸಾಕು" ಅಂದ.

ಈರಪ್ಪ ಕಿಸೆದಾಗಿನ ಪಾಳಿ ಚೀಟಿ ತಗದ, ನೋಡಿದ, ನನ್ನ ಕಡೆ ನೋಡಿದ. ಆ ಐತವಾರ ನಂದ ಪಾಳಿ. ಇಲ್ಲೆ ಇನ್ನೊಂದು ಖರೇ ಹೇಳ್ತೇನಿ. ಮೌಲಾಲಿ ಕಣ್ಣು ಕೆಂಪಗಾಗಿದ್ವು, ನನಗ ಒಳಗ ಒಂದೀಟ ಹಗುರ ಆತು. ಇನ್ನ ಸುಳ್ಳ ಹೇಳೋದು ತಪ್ಪಿತು, ಆ ಪೋಸ್ಟ್ ಹಂಗ ಉಳೀತು ಅಂತ. ನನ್ನ ಮ್ಯಾಲ ನನಗ ಹೇಸಿಗಿ ಬಂತು. ಆದ್ರೂ ಹಗುರ ಆಗಿದ್ದು ಆಗಿತ್ತು.

ಅಷ್ಟರಾಗ ಪ್ರಕಾಶ ಬಾಯಿ ಹಾಕಿದ. "ನಿಂತಲ್ಲೇ ನಿಂತ್ರ ಟಾಯರ್ ಚಪ್ಪಟಿ ಆಗಿ ಕೂಡ್ತಾವು. ವ್ಯಾಯಾಮ ಬೇಕು ಅದಕ್ಕ. ವಾರಕ್ಕೊಮ್ಮೆ ಬಂದು ಊರ ಅಗಸಿ ಬಾಗಲ ತನಕ ತಳ್ಳಿಕೊಂಡು ಹೋಗಿ ಬರೋಣು. ಇಂಜಿನ್ ಚಾಲೂ ಮಾಡೋದ ಬ್ಯಾಡ, ಪಟ್ಟಾ ಸವಿಯಂಗಿಲ್ಲ." ಎಂಥಾ ಬುದ್ಧಿವಂತಿಕಿ ಅನ್ನಿಸ್ತು! ಮೌಲಾಲಿ ಮುಖಕ್ಕೂ ಕಳೆ ಬಂತು. ನಾಲ್ಕೂ ಮಂದಿ ಕೈ ಹಚ್ಚಿದ್ವಿ. ಓಣ್ಯಾಗ ಆ ಬೈಕ್ ನಡುವ, ಅತ್ಲಾಗ ಇಬ್ಬರು, ಇತ್ಲಾಗ ಇಬ್ಬರು, ಸಾವಕಾಶ ಹೆಜ್ಜಿ ಹಾಕ್ಕೋತ ಹೊಂಟ್ವಿ. ಎದುರಿಗೆ ಬಂದ ಹಮಾಲನೊಬ್ಬ ಬದಿಗೆ ಸರದು ನಿಂತು ತಲಿ ಮ್ಯಾಲಿನ ವಸ್ತ್ರ ತಗದ. ಅವನ ತಪ್ಪಲ್ಲ. ನಮ್ಮ ನಡಿಗಿನ ಹಂಗಿತ್ತು.

ಅಗಸಿ ಮುಟ್ಟಿ ಹೊಳ್ಳಿ ಬಂದ್ವಿ. ಅಮ್ಮಿ ಕಟ್ಟಿ ಮ್ಯಾಲ ಕುಂತಲ್ಲೇ ಗಾಡಿ ಹಿಂದಿನ ಗಾಲಿ ನೋಡಾಕತ್ತಿದ್ಲು.

"ಮೌಲ್ಯಾ, ಇನ್ನೊಂದೀಟ ತಳ್ಳು."

ತಳ್ಳಿದ.

"ಪಟ್ಟಾ ತಿರಗಾಕತ್ತೈತಲ್ಲೋ."

"ಆಂ?"

"ಗಾಲಿ ತಿರಗಿದ್ರ ಪಟ್ಟಾ ತಿರಗೂದ ಅಲ್ಲೇನು? ನನ್ನ ಮಷೀನ್ ನೋಡು. ಕಾಲಿಂದ ತುಳಿ, ಇಲ್ಲಾ ಕೈಯಿಂದ ಗಾಲಿ ತಿರುವು, ಪಟ್ಟಾ ಓಡ್ತೈತಿ."

ನಾಲ್ಕೂ ಮಂದಿ ಬಗ್ಗಿ ನೋಡಿದ್ವಿ. ಖರೇ! ಕಂಪನಿ ಹೋದ ಸುದ್ದಿಗೂ ನಾನು ಹಿಂಗ ದಂಗ ಬಡದಿರಲಿಲ್ಲ. ಇಷ್ಟ ದಿನ ಗ್ರೂಪಿನ್ಯಾಗ ಇಂಜಿನ್ನಿನ ಎದಿಬಡಿತದ ಮ್ಯಾಲ ಭಾಷಣಾ ಬಿಗದ ಮಂದಿ ನಾವು. ಮೌಲಾಲಿಯಂತೂ ದಿನಾ ಗಿರಣಿ ಮೋಟರಿನ ಪಟ್ಟಾ ಬಿಚ್ಚಿ ಹಾಕೋ ಮನಷ್ಯಾ. ಅಂವಗೂ ಹೊಳೀಲಿಲ್ಲ. ದುಃಖ ಅಂದ್ರ ಹಂಗ, ಮೊದಲ ಕಸಬು ಮರಸ್ತೈತಿ.

"ನಾಲ್ಕು ಗಂಡಸರು ಬೆವರ ಸುರಿಸಿ ಸವಸೋ ಬದಲಿ, ಹತ್ತಿ ಹೊಡದಾದ್ರೂ ಸವಸ್ರಿ" ಅಂದ್ಲು ಅಮ್ಮಿ. "ಈ ಮಷೀನ್ ಮಾಡ್ದಾವ ಎಲ್ಲಿ ಹೋದ್ನೋ ನನಗೇನ ಗೊತ್ತು? ನಾನೇನು ಅವನ್ನ ಕೇಳಿ ಜಂಪರ್ ಹೊಲೀತೇನೇನು? ಯಾರದು ಪಾಳಿ ಇವತ್ತ?"

ಮೂರು ಮಂದಿ ನನ್ನ ನೋಡಿದ್ರು. "ಮೊಣಕಾಲ..." ಅಂದೆ. "ಹೆಲ್ಮೆಟ್ ತಂದಿಲ್ಲ" ಅಂದೆ. "ಈರಪ್ಪಗ..." ಅನ್ನಾಕ ಹೋದೆ. ಈರಪ್ಪ ತನ್ನ ಹೆಲ್ಮೆಟ್ ನನ್ನ ತಲಿಗೆ ಹಾಕಿ, ಕುತಗಿ ಕೆಳಗ ಪಟ್ಟಿ ಬಿಗದ. "ನೀರ ಬಂದಾಗ ಹೊಲಕ್ಕ ಬಿಟ್ಕೋಬೇಕ ಅಣ್ಣಾ. ಕಡೀ ನೀರಂತೂ ಬಿಡಬಾರದು" ಅಂದ. ಮೌಲಾಲಿ ಕೀಲಿಕೈ ಚಾಚಿದ. ಇಸಕೊಂಡೆ.

ಗಾಡಿ ಹತ್ತಿ, ಪದ್ಧತಿ ಪ್ರಕಾರ ಏನೂ ಅನ್ನದ ಹೊಂಟೆ.

"ಏಯ್, ಬರ್ತೇನಿ ಅನ್ನೋ!" ಅಂತ ಒದರಿದ್ಲು ಅಮ್ಮಿ. "ಹಂಗ ಹೋಗಬ್ಯಾಡ, ಇಲ್ಲೆ ಯಾರೂ ಸತ್ತಿಲ್ಲ."

"ಬರ್ತೇನಿ ಅಮ್ಮಿ" ಅಂದೆ.

ಮೋಟೆಬೆನ್ನೂರ ತನಕ ಏನಾತು ಅಂತ ಈ ಸಲ ಉದ್ದ ಬರಿಯಂಗಿಲ್ಲ. ಗಾಳಿ ಹಾಡಿತೋ ಏನೋ ಕೇಳಲಿಲ್ಲ, ನಾನ ಚೀರಾಕತ್ತಿದ್ದೆ. ಗಾಡಿ ಎರಡ ಸಲ ಬಂದ್ ಬಿತ್ತು. ಒಂದು ಟ್ರ್ಯಾಕ್ಟರ್ ನನ್ನನ್ನ ಹಿಂದ ಹಾಕಿತು, ಅದರ ಮ್ಯಾಲ ಕುಂತ ಹೆಣ್ಣುಮಕ್ಕಳು ಕೈ ಬೀಸಿದ್ರು. ಆದ್ರ ಕಣ್ಣ ತೆರದಿದ್ದೆ. ಹೋಗೋ ಮುಂದನೂ, ಬರೋ ಮುಂದನೂ.

ಹೊಳ್ಳಿ ಬಂದು ಇಳದ್ರ ಮೊಣಕಾಲ ಖರೇನ ನೋಯಾಕತ್ತಿದ್ವು. ಈರಪ್ಪನ ಬುತ್ತಿ ಬಿಚ್ಚಿ ಎಲ್ಲಾರೂ ಉಣ್ಣಾಕ ಕುಂತಿದ್ರು. ನನ್ನ ಕರೀ ಕಟ್ಟಿನ ಫೋಟೋದ ಮಾಲಿ ತಗದು ಅಮ್ಮಿ ತನ್ನ ಮಷೀನಿಗೆ ಸುತ್ತಿದ್ಲು. ಮೌಲಾಲಿ ಎಂಜಲಗೈ ತೊಳಕೊಂಡು ಬಂದು, ಗಾಡಿ ಬಾಜೂಕ ಮೊಣಕಾಲೂರಿ, ಪಟ್ಟಾದ ಮ್ಯಾಲ ಹೆಬ್ಬಟ್ಟಿನಿಂದ ತಡವಿ ತಡವಿ ನೋಡಿದ.

ನನಗ ತಡೀಲಿಲ್ಲ. "ಸವದೈತೇನೋ?" ಅಂದೆ.

"ಸವದೈತಿ."

"ಎಷ್ಟ?"

ತಲಿ ಎತ್ತಿ ನನ್ನ ನೋಡಿದ. ನಾಲ್ಕು ದಿನದಾಗ ಮೊದಲನೇ ಸಲ ಹಲ್ಲ ಕಾಣಿಸಿದ್ವು.

"ನಿನ್ನ ಪಾಳಿಯಷ್ಟ."