ಕಾಕಾರ ಎಡಭುಜ

ಭಾಲ್ಕಿಯ ಟೇಲರ್ ರಶೀದ ಅಹ್ಮದರಿಗೆ ಸೊಕ್ಕು ಇತ್ತು, ಸುಳ್ಳೇಕೆ ಹೇಳಬೇಕು? ಬೀದರಿನಿಂದ ಔರಾದಿನವರೆಗೆ ತಾವು ಹೊಲಿದ ಕೋಟು ಒಂದೂ ರಿಪೇರಿಗೆ ವಾಪಸ್ ಬಂದಿಲ್ಲ ಎಂದು ಗಿರಾಕಿ ಕೇಳದಿದ್ದರೂ ಹೇಳುತ್ತಿದ್ದರು. ಹೇಳಲಿ ಬಿಡಿ, ಮಾತು ಖರೆಯೇ ಆಗಿತ್ತು.

ಊರಿನ ಹೆಮ್ಮೆಯ ಮಾಜಿ ಮಂತ್ರಿ ಮಚ್ಛೇಂದ್ರರಾವ ಕಾಕಾ ಮೂವತ್ತು ವರ್ಷ ರಶೀದರು ಹೊಲಿದ ಕೋಟು ಬಿಟ್ಟರೆ ಬೇರೆ ತೊಟ್ಟವರಲ್ಲ. ಅದಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ಸಾಯಗಾಂವದಲ್ಲಿ ಬಂಡಿಯಿಂದ ಬಿದ್ದು ಕಾಕಾರ ಎಡಭುಜ ಎರಡು ಬೆರಳು ಇಳಿದಿತ್ತು. ರಶೀದರು ಕೋಟಿನ ಎಡಭುಜವನ್ನು ಅಷ್ಟೇ ಎತ್ತರಿಸಿ, ಒಳಗೆ ಗಟ್ಟಿಯಾಗಿ ಅರಳೆ ತುಂಬುತ್ತಿದ್ದರು. ತೊಟ್ಟರೆ ಎರಡೂ ಭುಜ ಸಮ. ಮೊದಲ ಅಳತೆಯ ದಿನವೇ ಕಾಕಾ, ಇದು ನಿಮ್ಮಲ್ಲೇ ಇರಲಿ ಎಂದಿದ್ದರು. ಯಾರಿಗೂ ಹೇಳುವುದಿಲ್ಲವೆಂದು ರಶೀದರು ಖುದಾನ ಕಸಮ್ ಹಾಕಿದ್ದರು. ಹೆಂಡತಿ ಕುಬರಾಳ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಕಾಕಾ ತೀರಿಕೊಂಡ ಮೂರನೆಯ ವರ್ಷ ಭಾಲ್ಕಿಯ ಚೌಕದಲ್ಲಿ ಅವರ ಮೂರ್ತಿ ನಿಲ್ಲಿಸುವುದೆಂದು ಸಮಿತಿ ನಿಶ್ಚಯಿಸಿತು. ಬೀದರಿನ ಶಿಲ್ಪಿಗೆ ಅಳತೆಗೆಂದು ಕಾಕಾರ ಪತ್ನಿ ಅನುಸೂಯಾಬಾಯಿ ಹಳೆಯ ಕೋಟೊಂದನ್ನು ಕಳಿಸಿದರು. ಕಂಚು ಎರೆಯುವ ಮುನ್ನ ಮಣ್ಣಿನ ಮೂರ್ತಿ ನೋಡಿ ಒಪ್ಪಿಗೆ ಕೊಡಲು ಸಮಿತಿಯವರು ಬೀದರಿಗೆ ಹೊರಟಾಗ ಆಕೆಯೂ ಹೋದರು. ತಮ್ಮ ಕೋಟಿನ ಗತ್ತು ನೋಡಲು ರಶೀದರೂ ಜೀಪು ಹತ್ತಿದರು.

ಮೂರ್ತಿ ಕಂಡದ್ದೇ ತಡ, ಎಲ್ಲರ ಮುಖ ಸಪ್ಪಗಾಯಿತು. ಮೋರೆ ಕಾಕಾರದ್ದೇ, ಆದರೆ ಎಡಭುಜ ಎತ್ತಿಕೊಂಡು, ನೀವೆಲ್ಲ ಯಾವ ಲೆಕ್ಕ ಎನ್ನುವವರಂತೆ ನಿಂತಿದ್ದರು. ಬಡವರ ಹೊಸ್ತಿಲಲ್ಲಿ ಕೂತು ರೊಟ್ಟಿ ತಿಂದ ಮನುಷ್ಯನಿಗೆ ಈ ಜಂಬ ಎಲ್ಲಿಂದ ಬಂತೆಂದು ಜನ ಶಿಲ್ಪಿಯ ಮೇಲೆ ಹರಿಹಾಯ್ದರು. ಅವನೇನು ಜಗ್ಗುವ ಆಸಾಮಿಯಲ್ಲ. ಕೋಟು ತಂದು ಟೇಪು ಹಿಡಿದ. ಎಡಗಡೆ ಎರಡು ಬೆರಳು ಎತ್ತರವೇ ಇತ್ತು. ಕೋಟು ಹೀಗಿದ್ದರೆ ಮೈಯೂ ಹೀಗೇ, ಕಾರಣ ಹೇಳದೆ ತಾನು ಮಣ್ಣು ಮುಟ್ಟುವುದಿಲ್ಲ ಎಂದ.

ಕಾರಣ ರಶೀದರಿಗೆ ಗೊತ್ತಿತ್ತು. ಸುಮ್ಮನಿದ್ದರೆ ಕಾಕಾ ಊರ ನಡುವೆ ಸೊಕ್ಕಿನವರಾಗಿ ನಿಲ್ಲುತ್ತಾರೆ. ಖರೆ ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಉಳಿದದ್ದು ಒಂದೇ ದಾರಿ. ಅವರು ಮುಂದೆ ಬಂದು, ಅಂಗಡಿಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ ಹೇಳಿದರು:

"ಕೋಟ ನಂದೇ ರೀ. ನನ್ನ ಕಟಿಂಗೇ ತಪ್ಪು ಅದ. ಕಾಕಾ ದೊಡ್ಡ ಮನಸ್ಸಿನವ್ರು, ಸುಮ್ನ ತೊಟ್ಕೊಂಡ್ರು. ಎರಡು ಬೆರಳು ಇಳಿಸ್ರಿ."

ಶಿಲ್ಪಿ ಮಣ್ಣು ಕೆತ್ತಿ ಇಳಿಸಿದ. ಕಾಕಾ ಕಾಕಾ ಆದರು. ಆದರೆ ಸಮಿತಿಯ ನಬೀಸಾಬರಿಗೆ ನಗು ತಡೆಯಲಾಗಲಿಲ್ಲ. ಮಂತ್ರಿಯ ಕೋಟೇ ಸೊಟ್ಟಗಾದರೆ ನಮ್ಮವುಗಳ ಗತಿಯೇನು ಎಂದು ಅವರು ತಮ್ಮ ಭುಜ ಸವರಿಕೊಂಡರು. ಎಲ್ಲರೂ ನಕ್ಕರು. ರಶೀದರಿಗೆ ಕಿವಿಯವರೆಗೂ ಬಿಸಿಯಾಯಿತು, ಆದರೂ ತಲೆ ತಗ್ಗಿಸಲಿಲ್ಲ.

ಆ ಇಳಿದ ಭುಜಕ್ಕೆ ನಲವತ್ತು ವರ್ಷ ಎಣ್ಣೆ ತಿಕ್ಕಿದ ಅನುಸೂಯಾಬಾಯಿ ಅಷ್ಟು ಜನರನ್ನು ದಾಟಿಕೊಂಡು ಅವರ ಎದುರಿಗೆ ಬಂದು ನಿಂತರು.

"ರಶೀದಭಾಯಿ, ನಮ್ಮ ಮೊಮ್ಮಗ ಕೈಲಾಶಂದು ಲಗ್ನ ಅದ. ಕೋಟ ನೀವೇ ಹೊಲೀಬೇಕ್ರಿ. ಅವ್ರಿಗಿ ಹ್ಯಾಂಗ ಹೊಲಿತಿದ್ರಿ, ಹಂಗೇ."