ಈಶಾನ್ಯಕ್ಕೆ ವಾಲಿದ ಟೇಬಲ್

ಹನ್ನೆರಡು ವರ್ಷ ನಾನು ಸ್ನೂಕರ್ ಆಡಿಯೇ ಅನ್ನ ತಿಂದವನು. ಹಾಗೆಂದರೆ ನಮ್ಮ ಹಾಸನ ಜಿಲ್ಲೆಯಲ್ಲಿ ಜನ ತಕ್ಷಣ ಕೇಳುವುದು, "ಅದ್ಸರಿ, ಕೆಲ್ಸ ಏನ್ ಮಾಡ್ತೀರ?" ಎಂದು. ಆ ಪ್ರಶ್ನೆಗೆ ಸಿಟ್ಟಾಗುವುದನ್ನು ಎಂದೋ ಬಿಟ್ಟಿದ್ದೇನೆ. ಸಿಟ್ಟು ಉಳಿದಿರುವುದು ನಾನು ಆಟ ಕಲಿತ ಚನ್ನರಾಯಪಟ್ಟಣದ ಕ್ಲಬ್ಬಿನ ಮೇಲೆ, ಅದರಲ್ಲೂ ಅದರ ಅಧ್ಯಕ್ಷರ ಮೇಲೆ.

ಅಧ್ಯಕ್ಷರದು ಕೊಬ್ಬರಿ ವ್ಯಾಪಾರ. ಸ್ನೂಕರ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅದು ದೊಡ್ಡವರ ಆಟ ಎಂಬುದೊಂದೇ. ತಾವೂ ದೊಡ್ಡವರಾಗಬೇಕಲ್ಲ, ಹೊಸ ಹಾಲ್ ಕಟ್ಟಿಸಿ ಹನ್ನೆರಡು ಅಡಿಯ ಟೇಬಲ್ ತರಿಸಿದರು. ಅದನ್ನು ಕೂರಿಸಲು ಬೆಂಗಳೂರಿನಿಂದ ಬಂದ ಮೆಕ್ಯಾನಿಕ್ ರಸಮಟ್ಟ ಇಟ್ಟು ನೋಡಿ, ಒಂದು ಮೂಲೆ ತಗ್ಗಿದೆ, ಆ ಕಾಲಿನ ಕೆಳಗೆ ಪ್ಯಾಕಿಂಗ್ ಕೊಡಬೇಕು ಎಂದ. ತಗ್ಗಿದ್ದದ್ದು ಈಶಾನ್ಯ. ವಾಸ್ತುವಿನವರ ಮಾತು ಕೇಳಿ ಅಧ್ಯಕ್ಷರೇ, ಬಚ್ಚಲಲ್ಲಿ ನೀರು ಹರಿಯಲು ಕೊಡುವ ಹಾಗೆ, ಹಾಲಿನ ನೆಲಕ್ಕೆ ಆ ಕಡೆಗೆ ವಾಟ ಕೊಡಿಸಿದ್ದರು.

"ಈಶಾನ್ಯ ಎತ್ತುದ್ರೆ ಉದ್ಧಾರ ಆಯ್ತದೇನ್ಲಾ? ಅಂಗೇ ಇರ್ಲಿ ಬುಡು," ಎಂದರು.

"ಸಾರ್, ಇದು ಟೇಬಲ್ಲು, ಮನೆ ಅಲ್ಲ," ಎಂದ ಮೆಕ್ಯಾನಿಕ್.

"ಟೇಬಲ್ ನಿಂತಿರಾದು ಎಲ್ಲಿ, ಆಕಾಸದಲ್ಲಾ?"

ಸುತ್ತ ನಿಂತಿದ್ದ ಸದಸ್ಯರೆಲ್ಲ ತಲೆಯಾಡಿಸಿದರು. ಅವರಲ್ಲೊಬ್ಬರು ಸೇತುವೆ ಕಟ್ಟಿಸುವ ಎಂಜಿನಿಯರು. ನಾನೂ ತಲೆಯಾಡಿಸಿದೆ. ಆಗ ಡಿಗ್ರಿ ಓದುತ್ತಿದ್ದೆ, ಮಧ್ಯಾಹ್ನ ಹಾಲ್ ಖಾಲಿ ಇದ್ದಾಗ ನನ್ನನ್ನೂ ಆಡಲು ಬಿಡುತ್ತೇವೆ ಎಂದಿದ್ದರು.

ಆ ಟೇಬಲ್ ಮೇಲೆ ಮೆಲ್ಲಗೆ ಹೊಡೆದ ಚೆಂಡು ಕೊನೆಯ ಎರಡಡಿಯಲ್ಲಿ ಬಲಕ್ಕೆ, ಕಪ್ಪು ಚೆಂಡು ಇಡುವ ತುದಿಯ ಬಲ ಪಾಕೆಟ್ಟಿನ ಕಡೆಗೆ ವಾಲುತ್ತಿತ್ತು. ಹಾಗಾಗಿ ಎಡ ಪಾಕೆಟ್ಟಿಗೆ ಬೀಳಬೇಕಾದ ಚೆಂಡಿಗೆ ನಾವು ನೇರ ಗುರಿ ಇಡುತ್ತಲೇ ಇರಲಿಲ್ಲ, ಒಂದು ಬೆರಳು ಎಡಕ್ಕೆ ಇಡುತ್ತಿದ್ದೆವು. ಯಾರೂ ಹೇಳಿಕೊಟ್ಟದ್ದಲ್ಲ, ಕೈ ತಾನೇ ಕಲಿಯಿತು. ಅರಕಲಗೂಡಿನಿಂದ, ಹೊಳೆನರಸೀಪುರದಿಂದ ಚೆನ್ನಾಗಿ ಆಡುವವರೇ ಬಂದು ಸೋತು ಹೋಗುತ್ತಿದ್ದರು. ಅಧ್ಯಕ್ಷರು ಮೀಸೆ ತಿರುವಿ, "ನಮ್ ಹುಡುಗ್ರು ಅಂದ್ರೆ ಏನಂದ್ಕಂಡಿದ್ದೀರಿ?" ಎನ್ನುತ್ತಿದ್ದರು.

ಹಾಸನಕ್ಕೆ ಆಡಲು ಹೋದ ಮೊದಲ ಸಲ ನಾನು ಹೀನಾಯವಾಗಿ ಸೋತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅಧ್ಯಕ್ಷರು ಬೆನ್ನು ತಟ್ಟಿದರು. "ಹಾಸನದ ಟೇಬಲ್ ವಾರೆ ಕಣ್ಲಾ. ನಿಂದೇನು ತಪ್ಪಿಲ್ಲ."

ನಾನು ನಂಬಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮೈಸೂರಿನಲ್ಲಿ ಸೋತಾಗ ಮೈಸೂರಿನ ಟೇಬಲ್ ವಾರೆ, ತುಮಕೂರಿನಲ್ಲಿ ಸೋತಾಗ ತುಮಕೂರಿನದು ವಾರೆ. ಲೋಕದಲ್ಲಿ ನೆಟ್ಟಗಿದ್ದ ಟೇಬಲ್ ನಮ್ಮದೊಂದೇ.

ಬೆಂಗಳೂರಿಗೆ ಹೋಗಿ ಆಟವನ್ನೇ ವೃತ್ತಿ ಮಾಡಿಕೊಂಡ ಮೇಲೆ ಬುದ್ಧಿಗೆ ಸತ್ಯ ತಿಳಿಯಿತು, ಕೈಗೆ ತಿಳಿಯಲಿಲ್ಲ. ಜೋರಾಗಿ ಹೊಡೆಯುವ ಶಾಟುಗಳಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಎದೆ ಹೊಡೆದುಕೊಳ್ಳುವಾಗ ಮೆಲ್ಲಗೆ ಹೊಡೆಯಬೇಕಾಗಿ ಬಂದರೆ ಮಾತ್ರ ಕೈ ಒಂದು ಬೆರಳು ಎಡಕ್ಕೆ ಸರಿಯುತ್ತಿತ್ತು. ರಾಜ್ಯ ತಂಡದ ಆಯ್ಕೆಯ ಕೊನೆಯ ಆಟದಲ್ಲಿ ಉಳಿದದ್ದು ಕಪ್ಪು ಚೆಂಡು ಒಂದೇ, ಅದನ್ನು ಬೀಳಿಸಿದವನು ಗೆದ್ದಂತೆ. ಎಡ ಪಾಕೆಟ್ಟು, ಮೆಲ್ಲನೆಯ ಶಾಟು. ಚೆಂಡು ನಾನು ಕಳಿಸಿದ ಕಡೆಗೇ ನೆಟ್ಟಗೆ ಹೋಗಿ, ಪಾಕೆಟ್ಟಿನ ಅಂಚಿಗೆ ಬಡಿದು ಬಾಯಲ್ಲೇ ನಿಂತಿತು. ಎದುರಾಳಿ ಅದನ್ನು ಬೀಳಿಸಿ ಕೈಕುಲುಕಿದ. ಆಮೇಲೆ ನಾನು ಅಷ್ಟು ಹತ್ತಿರ ಯಾವತ್ತೂ ಹೋಗಲಿಲ್ಲ.

ಹೋದ ವರ್ಷ ಆಟ ಬಿಟ್ಟು ಊರಿಗೆ ಬಂದೆ. ಅದೇ ಕ್ಲಬ್ಬಿನವರು ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಕೋಚ್ ಆಗಿ ಎಂದರು. ನನ್ನನ್ನು ಹಾಳು ಮಾಡಿದವರೇ ನನ್ನ ಕೊರಳಿಗೆ ಹಾರ ಹಾಕುತ್ತಿದ್ದರು, ಅದು ಅವರಿಗೆ ಗೊತ್ತೂ ಇರಲಿಲ್ಲ. ಒಪ್ಪಿಕೊಂಡೆ. ಮುಂದಿನ ಭಾನುವಾರ ಸುತ್ತಲ ನಾಲ್ಕು ಊರಿನವರ ಮುಂದೆ ನಾನು ಆಡಿ ತೋರಿಸಬೇಕೆಂದು ನಿಶ್ಚಯವಾಯಿತು. ಅದಕ್ಕಾಗಿ ಟೇಬಲ್ಲಿಗೆ ಹೊಸ ಬಟ್ಟೆ ಹಾಕಲು ಬಂದ ಬೇರೊಬ್ಬ ಮೆಕ್ಯಾನಿಕ್ ರಸಮಟ್ಟ ಇಟ್ಟು ನೋಡಿ ಬೆಚ್ಚಿಬಿದ್ದ.

"ಇದ್ರಲ್ಲಿ ಕಲಿತೋರು ಬೇರೆಲ್ಲೂ ಆಡೋಕಾಗಲ್ಲ ಸಾರ್. ಪ್ಯಾಕಿಂಗ್ ಕೊಡ್ಲಾ? ಹತ್ತು ನಿಮಿಷದ ಕೆಲ್ಸ."

ಅಧ್ಯಕ್ಷರಿಗೆ ಈಗ ವಯಸ್ಸಾಗಿದೆ, ವಾಸ್ತುವಿನ ಹುಚ್ಚೂ ಇಳಿದಿದೆ. "ಕೋಚ್ ಏಳ್ದಂಗೆ ಮಾಡಪ್ಪ," ಎಂದು ನನ್ನ ಮುಖ ನೋಡಿದರು.

ಈ ಪ್ರಶ್ನೆಯನ್ನು ಯಾರಾದರೂ ನನ್ನನ್ನು ಕೇಳಲಿ ಎಂದು ಎಷ್ಟು ವರ್ಷ ಹಲ್ಲು ಕಚ್ಚಿ ಕಾದಿದ್ದೆನೋ. ಆದರೆ ಆ ಟೇಬಲ್ ಮಟ್ಟವಾಗಿಬಿಟ್ಟರೆ ನಾನು ಚೆನ್ನಾಗಿ ಆಡಬಲ್ಲ ಟೇಬಲ್ ಎಲ್ಲೂ ಒಂದೂ ಉಳಿಯುತ್ತಿರಲಿಲ್ಲ.

"ಇರಲಿ ಬಿಡಿ," ಎಂದೆ.

ಭಾನುವಾರ ಒಂದೇ ಸರದಿಯಲ್ಲಿ ನೂರು ಪಾಯಿಂಟ್ ದಾಟಿ ಸೆಂಚುರಿ ಹೊಡೆದೆ. ಹಾಲ್ ಚಪ್ಪಾಳೆಯಲ್ಲಿ ಮುಳುಗಿತು.

ನನ್ನ ಹತ್ತಿರ ಕಲಿಯಲು ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬರುವ ಕಾಲೇಜು ಹುಡುಗಿಯೊಬ್ಬಳಿದ್ದಾಳೆ. ಅವಳ ಕೈ ನನಗಿಂತ ಚೆನ್ನಾಗಿದೆ. ಕಳೆದ ತಿಂಗಳು ಹಾಸನದಲ್ಲಿ ಜಿಲ್ಲಾ ಆಯ್ಕೆಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದಳು.

"ಇಲ್ಲಿ ಹೊಡ್ದಂಗೇ ಹೊಡ್ದೆ ಸಾ, ಒಂದೂ ಬೀಳ್ಲಿಲ್ಲ. ನಂದೇನ್ ತಪ್ಪು?" ಎಂದು ಕಣ್ಣು ತುಂಬಿಕೊಂಡು ಕೇಳಿದಳು.

ನಾನು ಅವಳ ಬೆನ್ನು ತಟ್ಟಿದೆ.

"ನಿಂದೇನು ತಪ್ಪಿಲ್ಲ ಕಣಮ್ಮ," ಎಂದೆ. "ಹಾಸನದ ಟೇಬಲ್ ವಾರೆ."